ಕಿಡ್ನಿಯಲ್ಲ

ಸಮುದ್ರ ಮೂರು ತಾಸಿಗೆಂದು ಹಿಂದೆ ಸರಿದಿತ್ತು.
ಗಲೀಸಿಯಾದ ಕರಾವಳಿ, ಫೆಬ್ರವರಿ, ಬೆಳಗಿನ ಒಂಬತ್ತು.
ರಬ್ಬರ್ ಬೂಟು ತೊಟ್ಟ ಹದಿನೇಳು ಹೆಂಗಸರು
ಸೊಂಟ ಬಗ್ಗಿಸಿ ಕೆಸರು ಕೆದಕುತ್ತಿದ್ದೆವು,
ಚಿಪ್ಪಿಗಾಗಿ.

ಈ ಕೆಲಸದಲ್ಲಿ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ.
ಬೆನ್ನುಗಳೇ ಮಾತಾಡಿಕೊಳ್ಳುತ್ತವೆ:
ಚಿಪ್ಪಿಯ ದರ, ಮಗಳ ಗಂಡ, ಪಾದ್ರಿಯ ಹೊಸ ಕಾರು.

ದೊರಿಂದಾ ಎಂಟು ತಿಂಗಳ ಮೇಲೆ ಬಂದಿದ್ದಳು.
ಕಿಡ್ನಿ, ಎಂದು ಊರಿಗೆಲ್ಲ ಸಾರಿದವಳು ನಾನು,
ಅವಳ ಚಿಕ್ಕಪ್ಪನ ಮಗಳು, ಸಬೇಲಾ.
ಏನಾದರೂ ಹೇಳಬೇಕಿತ್ತಲ್ಲ.
ಕಿಡ್ನಿ ಮರ್ಯಾದಸ್ಥ ಅಂಗ.
ಅದು ಕೆಟ್ಟರೆ ಜನ ಸೂಪು ತರುತ್ತಾರೆ,
ಮೇಣದಬತ್ತಿ ಹಚ್ಚುತ್ತಾರೆ,
ಎಡದ್ದೋ ಬಲದ್ದೋ ಎಂದು ವಿಚಾರಿಸುತ್ತಾರೆ.
ಒಮ್ಮೆ ಎಡದ್ದು ಅಂದೆ, ಒಮ್ಮೆ ಬಲದ್ದು.
ಒಬ್ದೂಲಿಯಾ ಅಜ್ಜಿ ವಾರ ವಾರವೂ
ಪಾರ್ಸ್ಲಿ ಸೊಪ್ಪಿನ ಕಷಾಯ ಬಾಟಲಿಗೆ ತುಂಬಿ ಕೊಟ್ಟಳು.
ಸಾಂತಿಯಾಗೊದ ಬಸ್ಸಿನಲ್ಲಿ ಕೂತು
ಅರ್ಧ ಕುಡಿದೆ, ಅರ್ಧ ಚೆಲ್ಲಿದೆ.

"ಕಿಡ್ನಿ ಹೇಗಿದೆ ಮಗಳೇ?" ಅಜ್ಜಿಯೇ ಕೇಳಿದ್ದು.

ದೊರಿಂದಾ ತಲೆ ಎತ್ತಲಿಲ್ಲ.
ಅವಳ ಗುದ್ದಲಿಯ ಹಲ್ಲು ಕರಕರ ಅನ್ನುತ್ತಲೇ ಇತ್ತು.
"ಎರಡೂ ಗಟ್ಟಿಯಾಗಿವೆ ಅಜ್ಜಿ. ಕೆಟ್ಟಿದ್ದು ತಲೆ.
ಹುಚ್ಚಾಸ್ಪತ್ರೆ ಅಂತೀರಲ್ಲ, ಅಲ್ಲಿದ್ದೆ."

ಹದಿನಾರು ಗುದ್ದಲಿ ನಿಂತವು.
ಬೇಡ ಕಣೇ, ಎಂದುಕೊಂಡೆ, ಬೇಡ,
ನಾಳೆಯಿಂದ ನಿನ್ನ ಬುಟ್ಟಿಯ ಪಕ್ಕ ಯಾರೂ ಬುಟ್ಟಿ ಇಡುವುದಿಲ್ಲ.

ಅವಳು ಕೆಸರಿಗೆ ಹೇಳಿದ ಹಾಗೆ ಹೇಳುತ್ತಲೇ ಹೋದಳು:

ಹೋದ ವರ್ಷ ಇದೇ ನೀರಲ್ಲಿ ಕೈಯಿಟ್ಟರೆ
ಚಳಿ ಗೊತ್ತಾಗುತ್ತಿರಲಿಲ್ಲ ನನಗೆ.
ಮಗ ಅಮ್ಮಾ ಅಂದರೆ
ಪಕ್ಕದ ಮನೆಯಲ್ಲಿ ಯಾರೋ ಯಾರನ್ನೋ ಕರೆದಂತೆ.
ಒಂದು ರಾತ್ರಿ ಭರತದ ಹೊತ್ತಿಗೆ ಇಲ್ಲಿಗೇ ಬಂದಿದ್ದೆ,
ಬೂಟಿಲ್ಲದೆ, ಬುಟ್ಟಿಯಿಲ್ಲದೆ.
ಯಾರ ಮನೆಯದೋ ನಾಯಿ ಬೊಗಳಿ ಬೊಗಳಿ ಊರೆಬ್ಬಿಸಿತು.

"ನಮ್ಮದು," ಎಂದಳು ಕಾರ್ಮಿನ್ಯಾ ಮೆಲ್ಲಗೆ.
"ಅವತ್ತು ಅದಕ್ಕೆ ಹೊಡೆದಿದ್ದೆ."

ಗುಳಿಗೆಗೆ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ನೋಡಿ.
ಮೊದಲ ತಿಂಗಳು ಏನೂ ಆಗಲಿಲ್ಲ.
ಆಮೇಲೆ ಬೇರೆ ಗುಳಿಗೆ ಕೊಟ್ಟರು. ಆಗಲೂ ಇಲ್ಲ.
ಒಂದು ಮುಂಜಾನೆ ನಲ್ಲಿ ತಿರುಗಿಸಿದೆ,
ನೀರು ತಣ್ಣಗಿತ್ತು.
ತಣ್ಣಗಿತ್ತು ಕಣ್ರೇ! ನರ್ಸನ್ನು ಕೂಗಿ ಕರೆದೆ.
ಅವಳೂ ಕೈಯೊಡ್ಡಿ ನೋಡಿ,
ಹೌದು, ತಣ್ಣಗಿದೆ, ಅಂದಳು.

ಯಾರೂ ಓಡಿ ಬಂದು ತಬ್ಬಿಕೊಳ್ಳಲಿಲ್ಲ.
ರೆಮೇದಿಯೊಸ್ ತನ್ನ ಬುಟ್ಟಿಯೆತ್ತಿ ಹತ್ತು ಮಾರು ಆಚೆ ಹೋದಳು;
ಇವತ್ತಿಗೂ ಅವಳು ಆಚೆಯೇ ಕೆದಕುತ್ತಾಳೆ.
ಇನ್ನೊಬ್ಬಳು ಗುಳಿಗೆಯ ಹೆಸರು ಕೇಳಿದಳು,
ತಂಗಿಗೆ ಬೇಕಿತ್ತು, ಅಂದಳು.
ಅವಳಿಗೆ ತಂಗಿಯಿಲ್ಲ. ಎಲ್ಲರಿಗೂ ಗೊತ್ತು.
ಯಾರೂ ನಗಲಿಲ್ಲ.

ಒಬ್ದೂಲಿಯಾ ಅಜ್ಜಿ ಸೊಂಟ ನೆಟ್ಟಗೆ ಮಾಡಿ
ನನ್ನನ್ನೇ ನೋಡಿದಳು.
"ಹಾಗಾದರೆ ನನ್ನ ಕಷಾಯ?"
"ನಾನು ಕುಡಿದೆ."
"ನಿನಗೇನಾಗಿತ್ತು?"

ನೀರು ಏರುತ್ತ ಮೊಣಕಾಲಿಗೆ ಬಂದಿತ್ತು.
ಕಾವಲುಗಾರ ದಂಡೆಯಿಂದ ಸೀಟಿ ಊದಿದ.
ಹೇಳುವುದಕ್ಕೆ ಹೊತ್ತಿರಲಿಲ್ಲ, ಅಥವಾ
ಹೊತ್ತಿಲ್ಲ ಎನ್ನುವುದು ನನಗೆ ರೂಢಿ.
"ನಿದ್ದೆಯಿಲ್ಲ," ಎಂದೆ, "ಹನ್ನೊಂದು ವರ್ಷದಿಂದ."

ಅಜ್ಜಿ ಬುಟ್ಟಿ ಅಲುಗಿಸಿ ಮರಳು ಸೋಸಿದಳು,
ಅಳತೆಗೆ ಸಿಗದ ಎಳೆಯ ಚಿಪ್ಪಿಗಳನ್ನು ಆಯ್ದು
ನೀರಿಗೆ ಬಿಟ್ಟಳು.
"ನಿದ್ದೆಗೆ ಪಾರ್ಸ್ಲಿ ಆಗದು," ಅಂದಳು.
"ಸಂಜೆ ಮನೆಗೆ ಬಾ. ಅವಳನ್ನೂ ಕರೆದುಕೊಂಡು ಬಾ."